ಮನೆಯಿಂದ ಚಿಗಟ ಓಡಿಸಲು ಪೊರಕೆ, ಬಿಸಿಲು, ಸೋಪಿನ ನೀರು

ಹದಿನೈದು ದಿನ ಊರಿಗೆ ಹೋಗಿ ಬಂದು ಮನೆ ಬೀಗ ತೆಗೆಯುತ್ತೀರಿ. ಒಳಗೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕಾಲೆಲ್ಲ ಚುರುಚುರು. ಬಗ್ಗಿ ನೋಡಿದರೆ ಪಾದದ ಮೇಲೆ ಕಂದು ಚುಕ್ಕೆಗಳು. ಹಿಡಿಯಲು ಬೆರಳು ಇಟ್ಟರೆ ಚಂಗನೆ ಹಾರಿ ಮಾಯ. ನಾಯಿಯನ್ನು ನೆಂಟರ ಮನೆಯಲ್ಲಿ ಬಿಟ್ಟಿದ್ದಿರಿ. ಮನೆಗೆ ಬೀಗ ಹಾಕಿತ್ತು. ಹಾಗಾದರೆ ಇಷ್ಟೊಂದು ಚಿಗಟ ಎಲ್ಲಿಂದ ಬಂತು?

ಎಲ್ಲಿಂದಲೂ ಬರಲಿಲ್ಲ, ಅಲ್ಲೇ ಇತ್ತು. ನೆಲದ ಬಿರುಕಿನಲ್ಲಿ, ಸೋಫಾ ಕೆಳಗೆ, ಚಾಪೆ ಸುರುಳಿಯೊಳಗೆ ಗೂಡು ಕಟ್ಟಿಕೊಂಡು ಕೂತಿತ್ತು. ಯಾರೂ ಓಡಾಡದಿದ್ದರೆ ಅದು ಹೊರಗೆ ಬರುವುದಿಲ್ಲ. ನಿಮ್ಮ ಹೆಜ್ಜೆಯ ಅದುರು, ಮೈಯ ಶಾಖ, ಉಸಿರು ಸಿಕ್ಕಿದ್ದೇ ತಡ, ಎಲ್ಲ ಒಟ್ಟಿಗೇ ಎದ್ದು ಬಂತು.

ಚಿಗಟದ ವಿಷಯದಲ್ಲಿ ನಮ್ಮ ಲೆಕ್ಕ ತಪ್ಪುವುದು ಇಲ್ಲೇ. ನಾಯಿಗೆ ಸ್ನಾನ ಮಾಡಿಸಿದರೆ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ನಾಯಿ, ಬೆಕ್ಕಿನ ಮೈಮೇಲೆ ಕಾಣುವ ದೊಡ್ಡ ಚಿಗಟಗಳು ಮನೆಯಲ್ಲಿರುವ ಒಟ್ಟು ಚಿಗಟದಲ್ಲಿ ಸುಮಾರು 5 ಭಾಗ ಅಷ್ಟೇ, ಅಂದರೆ ನೂರಕ್ಕೆ ಐದು. ಉಳಿದದ್ದೆಲ್ಲ ಮೊಟ್ಟೆ, ಮರಿಹುಳು, ಗೂಡು. ಅವು ಇರುವುದು ನೆಲದಲ್ಲಿ, ಹಾಸಿಗೆಯಲ್ಲಿ, ಧೂಳಿನಲ್ಲಿ. ಆದ್ದರಿಂದ ಮುಖ್ಯ ಕೆಲಸವೂ ಅಲ್ಲೇ.

ಚಿಗಟವೇ ಹೌದಾ, ಮೊದಲು ನೋಡಿ

ನಾಯಿಯ ಕಿವಿಯಲ್ಲಿ, ಬೆರಳ ಸಂದಿಯಲ್ಲಿ ಕಚ್ಚಿ ಹಿಡಿದು, ರಕ್ತ ಕುಡಿದು ಊದಿಕೊಂಡಿರುವುದು ಉಣ್ಣೆ ಅಥವಾ ಉಣುಗು. ಅದಕ್ಕೆ ಎಂಟು ಕಾಲು, ಹಾರಲು ಬರುವುದಿಲ್ಲ. ಶಿವಮೊಗ್ಗ ಕಡೆಯ ಮಂಗನ ಕಾಯಿಲೆಗೂ ಕಾರಣ ಕಾಡಿನ ಉಣುಗು, ಚಿಗಟ ಅಲ್ಲ. ಮಂಚದ ಸಂದಿಯಿಂದ ರಾತ್ರಿ ಎದ್ದು ಬರುವುದು ತಿಗಣೆ. ಅದೂ ಹಾರುವುದಿಲ್ಲ. ಚಿಗಟಕ್ಕೆ ಆರು ಕಾಲು. ರೆಕ್ಕೆ ಇಲ್ಲ. ಉದ್ದ ಹೆಚ್ಚೆಂದರೆ 3 ಮಿಲಿಮೀಟರ್. ಎರಡೂ ಪಕ್ಕದಿಂದ ಒತ್ತಿದಂತೆ ಚಪ್ಪಟೆ ಮೈ ಇರುವುದರಿಂದ ಕೂದಲ ನಡುವೆ ಸರಾಗವಾಗಿ ಓಡುತ್ತದೆ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಪಾದ, ಹರಡು, ಮೀನಖಂಡದ ಸುತ್ತ.

ಅನುಮಾನ ಇದ್ದರೆ ಎರಡು ಪರೀಕ್ಷೆ ಮಾಡಿ. ಬಿಳಿ ಕಾಲುಚೀಲವನ್ನು ಮೊಣಕಾಲಿನವರೆಗೆ ಎಳೆದುಕೊಂಡು ಎಲ್ಲ ಕೋಣೆಗಳಲ್ಲಿ ನಿಧಾನವಾಗಿ ಓಡಾಡಿ. ಚಿಗಟ ಇದ್ದರೆ ಬಿಳಿ ಬಟ್ಟೆಯ ಮೇಲೆ ಕಂಡೇ ಕಾಣುತ್ತದೆ. ಯಾವ ಕೋಣೆಯಲ್ಲಿ ಜಾಸ್ತಿ ಅನ್ನುವುದೂ ಗೊತ್ತಾಗುತ್ತದೆ. ಇನ್ನೊಂದು ನಾಯಿ ಬೆಕ್ಕಿಗೆ. ಬಿಳಿ ಹಾಳೆಯ ಮೇಲೆ ನಿಲ್ಲಿಸಿ ಬಾಲದ ಬುಡದ ಕೂದಲನ್ನು ಉಜ್ಜಿ. ಕರಿಮೆಣಸಿನ ಪುಡಿಯಂಥದ್ದು ಉದುರಿದರೆ ಅದರ ಮೇಲೆ ನಾಲ್ಕು ಹನಿ ನೀರು ಹಾಕಿ. ಬರೀ ಮಣ್ಣಾದರೆ ಹಾಗೇ ಇರುತ್ತದೆ. ಕೆಂಪು ಕಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಮರಿಹುಳುಗಳಿಗೆ ಇದೇ ಊಟ.

ಅದು ಬದುಕುವ ರೀತಿ

ಇದನ್ನು ಓದದೆ ಮುಂದೆ ಹೋಗಬೇಡಿ. ಕೆಳಗಿನ ಎಲ್ಲ ಕೆಲಸಕ್ಕೂ ಕಾರಣ ಇಲ್ಲಿದೆ.

ಹೆಣ್ಣು ಚಿಗಟ ಮೊದಲ ಸಲ ರಕ್ತ ಕುಡಿದ ಒಂದೆರಡು ದಿನದಲ್ಲೇ ಮೊಟ್ಟೆ ಇಡಲು ಶುರು ಮಾಡುತ್ತದೆ. ದಿನಕ್ಕೆ 40, 50ರವರೆಗೂ ಇಡಬಲ್ಲದು. ಮೊಟ್ಟೆಗೆ ಅಂಟು ಇಲ್ಲ. ಹಾಗಾಗಿ ನಾಯಿ ಎಲ್ಲೆಲ್ಲಿ ಮಲಗುತ್ತದೋ, ಮೈ ಕೊಡವುತ್ತದೋ ಅಲ್ಲೆಲ್ಲ ಉದುರುತ್ತದೆ. ಕೆಲವೇ ದಿನದಲ್ಲಿ ಬಿಳಿ ದಾರದ ಎಳೆಯಂಥ ಮರಿಹುಳು ಹೊರಬರುತ್ತದೆ. ಅದಕ್ಕೆ ಬೆಳಕು ಕಂಡರೆ ಆಗುವುದಿಲ್ಲ. ಗಾಳಿಯಲ್ಲಿ ತೇವ ಇಲ್ಲದಿದ್ದರೆ ಒಣಗಿ ಸಾಯುತ್ತದೆ. ನೇರ ಬಿಸಿಲಿನಲ್ಲಂತೂ ಉಳಿಯುವುದೇ ಇಲ್ಲ. ಆಮೇಲೆ ಅದು ರೇಷ್ಮೆಯಂಥ ಅಂಟು ಗೂಡು ಕಟ್ಟುತ್ತದೆ. ಗೂಡಿಗೆ ಸುತ್ತಲಿನ ಧೂಳು, ಮರಳು ಅಂಟಿ ಅದೂ ಧೂಳಿನ ಉಂಡೆಯಂತೆಯೇ ಕಾಣುತ್ತದೆ. ಬೆಚ್ಚಗೆ, ತೇವವಾಗಿ ಇದ್ದರೆ ಮೂರು ನಾಲ್ಕು ವಾರದಲ್ಲಿ ಇಡೀ ಸುತ್ತು ಮುಗಿಯುತ್ತದೆ. ಎಚ್ಚರಿಸುವವರು ಯಾರೂ ಇಲ್ಲದಿದ್ದರೆ ಗೂಡಿನಲ್ಲೇ ತಿಂಗಳುಗಟ್ಟಲೆ ಕಾಯಬಲ್ಲದು.

ಗೂಡಿನೊಳಗೆ ಇರುವಾಗ ಮಾತ್ರ ಅದಕ್ಕೆ ಯಾವ ಮದ್ದೂ ಸರಿಯಾಗಿ ತಟ್ಟುವುದಿಲ್ಲ. ಬೇವಿನ ನೀರೂ ಅಷ್ಟೇ, ಅಂಗಡಿಯ ಸ್ಪ್ರೇಯೂ ಅಷ್ಟೇ. ಅದಕ್ಕೇ ಒಂದು ದಿನದ ದೊಡ್ಡ ಕ್ಲೀನಿಂಗ್ ಸಾಲದು. ಕೆಲವು ವಾರ ಬಿಡದೆ ಮಾಡಬೇಕು.

ಮೊದಲ ಕೆಲಸ: ಹಾಸಿಗೆ ಬಟ್ಟೆ, ಗೋಣಿಚೀಲ

ನಾಯಿ ಮಲಗುವ ಗೋಣಿಚೀಲ, ಹಳೇ ಕಂಬಳಿ, ಬೆಕ್ಕು ಕೂರುವ ಕುಶನ್, ನಿಮ್ಮ ಬೆಡ್‌ಶೀಟು, ಕಾಲೊರೆಸು ಎಲ್ಲ ಒಟ್ಟು ಮಾಡಿ. ಎತ್ತಿಕೊಂಡು ಹೋಗುವಾಗ ಕೊಡವಬೇಡಿ. ಕೊಡವಿದರೆ ದಾರಿಯುದ್ದಕ್ಕೂ ಮೊಟ್ಟೆ. ಅಲ್ಲೇ ಮಡಚಿ ಬಕೆಟ್ಟಿಗೆ ಅಥವಾ ಪ್ಲಾಸ್ಟಿಕ್ ಕವರಿಗೆ ತುಂಬಿ ಒಯ್ಯಿರಿ. ಕೈಗೆ ಸುಡುವಷ್ಟು ಬಿಸಿನೀರಿನಲ್ಲಿ, ವಾಷಿಂಗ್ ಮೆಷಿನ್ ಆದರೆ 60 ಡಿಗ್ರಿಗೆ ಇಟ್ಟು ಒಗೆಯಿರಿ. ಆಮೇಲೆ ಉರಿಬಿಸಿಲಿಗೆ ಹಾಕಿ. ಹರಿದ ಗೋಣಿಚೀಲದ ಮೇಲೆ ಮಮತೆ ಬೇಡ, ಸುಟ್ಟುಬಿಡಿ.

ವಾರಕ್ಕೊಮ್ಮೆಯಾದರೂ ಇದು ನಡೆಯಲಿ. ಒಗೆಯಲು ಆಗದ ಹತ್ತಿ ಹಾಸಿಗೆ, ದಿಂಬನ್ನು ತಾರಸಿಯ ಮೇಲೆ ಹಾಕಿ ಎರಡೂ ಬದಿ ತಿರುವಿ ಒಣಗಿಸಿ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯವರಿಗೆ ಬಿಸಿಲು ಎಲ್ಲಿಂದ ತರುವುದು ಅನ್ನಬಹುದು. ನಿಜ, ಅಲ್ಲಿ ಜೂನ್‌ನಿಂದ ಚಿಗಟಕ್ಕೆ ಹಬ್ಬ. ಇಸ್ತ್ರಿಪೆಟ್ಟಿಗೆಯ ಹಬೆ, ಬಚ್ಚಲ ಒಲೆಯ ಬಿಸಿನೀರು ಇವೇ ಗತಿ.

ಎರಡನೆಯದು: ನೆಲ

ಒಣ ಪೊರಕೆಯಲ್ಲಿ ಜೋರಾಗಿ ಗುಡಿಸಿದರೆ ಮೊಟ್ಟೆಗಳು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುತ್ತವೆ, ಅಷ್ಟೇ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದಕ್ಕಿಂತ ಒಳ್ಳೆಯ ಆಯುಧ ಇಲ್ಲ. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರು 2007ರಲ್ಲಿ ಇದನ್ನು ಪರೀಕ್ಷೆ ಮಾಡಿದ್ದರು. ಒಳಗೆ ಸೆಳೆದ ದೊಡ್ಡ ಚಿಗಟಗಳಲ್ಲಿ ನೂರಕ್ಕೆ 96 ಸತ್ತವು. ಮರಿಹುಳು, ಗೂಡುಗಳು ಒಂದೂ ಉಳಿಯಲಿಲ್ಲ. ಮೆಷಿನ್ನಿನ ಅದುರಿಗೆ ನೆಲದಲ್ಲಿ ಉಳಿದ ಗೂಡುಗಳೂ ಒಡೆದು ಚಿಗಟ ಹೊರಬರುತ್ತದೆ. ಇದು ಒಳ್ಳೆಯದೇ. ಹೊರಬಂದದ್ದನ್ನು ಮಾರನೆಯ ದಿನ ಹಿಡಿಯಬಹುದು. ಸೋಫಾ ಸಂದಿ, ಮಂಚದ ಕೆಳಗೆ, ಗೋಡೆ ಮತ್ತು ನೆಲ ಕೂಡುವ ಗೆರೆ, ಬೀರುವಿನ ಹಿಂದೆ, ದೇವರ ಮನೆಯ ಚಾಪೆ ಕೆಳಗೆ, ಎಲ್ಲಿ ಬೆಳಕು ಕಮ್ಮಿಯೋ ಅಲ್ಲಿ ಜಾಸ್ತಿ ಹೊತ್ತು ಹಿಡಿಯಿರಿ. ಕಸ ತುಂಬಿದ ಚೀಲವನ್ನು ಗಂಟು ಕಟ್ಟಿ ಆಗಲೇ ಹೊರಗೆ ಹಾಕಿ.

ವ್ಯಾಕ್ಯೂಮ್ ಇಲ್ಲವೇ? ಚಿಂತೆ ಬೇಡ. ನಮ್ಮ ಸಿಮೆಂಟು, ಟೈಲ್ಸ್, ರೆಡ್ ಆಕ್ಸೈಡ್ ನೆಲ ದಪ್ಪ ಕಾರ್ಪೆಟ್‌ಗಿಂತ ಎಷ್ಟೋ ಸುಲಭ. ಒದ್ದೆ ಬಟ್ಟೆ ಸುತ್ತಿದ ಪೊರಕೆಯಲ್ಲಿ ಮೆಲ್ಲಗೆ ಒಂದೇ ಕಡೆಗೆ ಗುಡಿಸಿ. ಕಸವನ್ನು ಸೋಪಿನ ನೀರಿರುವ ಬಕೆಟ್ಟಿಗೆ ತಳ್ಳಿ. ಆಮೇಲೆ ಬಿಸಿ ಸೋಪಿನ ನೀರಿನಲ್ಲಿ ಬ್ರಶ್ ಹಾಕಿ ಉಜ್ಜಿ, ನೆಲ ಪೂರ್ತಿ ಒಣಗಲು ಫ್ಯಾನ್ ಹಾಕಿ. ತೇವ ಉಳಿದರೆ ಮರಿಹುಳುಗಳಿಗೆ ನಾವೇ ಉಪಕಾರ ಮಾಡಿದ ಹಾಗೆ. ರೆಡ್ ಆಕ್ಸೈಡ್ ನೆಲದ ಬಿರುಕನ್ನು ಸಿಮೆಂಟಿನಿಂದ ಮುಚ್ಚಿಸಿ. ಮಣ್ಣಿನ ನೆಲವಾದರೆ ಸಗಣಿ ಸಾರಿಸುವುದನ್ನು ಬಿಡಬೇಡಿ, ಬಿರುಕು ತುಂಬಿಕೊಳ್ಳುತ್ತದೆ.

ಮೊದಲ ಎರಡು ವಾರ ದಿನಾ ಮಾಡಿ, ಆಮೇಲೆ ದಿನ ಬಿಟ್ಟು ದಿನ. ಬೆಕ್ಕು ಇರುವ ಮನೆಯಲ್ಲಿ ಫಿನಾಯಿಲ್ ಬೇಡ. ಅದು ಕಾಲಿಗೆ ಅಂಟುತ್ತದೆ, ಬೆಕ್ಕು ಕಾಲು ನೆಕ್ಕಿಕೊಳ್ಳುತ್ತದೆ. ಅದರ ಹೊಟ್ಟೆಗೆ ಅದು ವಿಷ.

ಮೂರನೆಯದು: ನಾಯಿ, ಬೆಕ್ಕಿನ ಮೈ

ಹೇನು ತೆಗೆಯುವ ಸೀರಣಿಗೆ ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕರೆ ಅದೇ ಸಾಕು. ಇಲ್ಲದಿದ್ದರೆ ಹಲ್ಲು ಒತ್ತಾಗಿರುವ ಬಾಚಣಿಗೆ ಕೊಳ್ಳಿ. ಪಕ್ಕದಲ್ಲಿ ಒಂದು ಚೊಂಬು ಸೋಪಿನ ನೀರು ಇಟ್ಟುಕೊಳ್ಳಿ. ಕುತ್ತಿಗೆಯಿಂದ ಶುರು ಮಾಡಿ, ಕಿವಿಯ ಹಿಂದೆ, ಕಂಕುಳು, ತೊಡೆ ಸಂದು, ಬಾಲದ ಬುಡ. ಪ್ರತಿ ಸಲ ಎಳೆದಾಗಲೂ ಬಾಚಣಿಗೆಯನ್ನು ನೀರಿನಲ್ಲಿ ಅದ್ದಿ ತೆಗೆಯಿರಿ. ಬರೀ ನೀರಾದರೆ ಚಿಗಟ ಮೇಲೆ ತೇಲಿ ಹಾರಿಕೊಳ್ಳುತ್ತದೆ. ಸೋಪು ಬೆರೆತರೆ ನೀರು ಅದನ್ನು ಹೊತ್ತು ನಿಲ್ಲಿಸುವುದಿಲ್ಲ, ಸೀದಾ ಮುಳುಗುತ್ತದೆ. ಉಗುರಲ್ಲಿ ಕುಕ್ಕಲು ಹೋಗಬೇಡಿ. ಗಟ್ಟಿ ಮೈ, ಜಾರುತ್ತದೆ.

ನಾಯಿಗೆ ಸ್ನಾನ ಮಾಡಿಸುವಾಗ ಒಂದು ಉಪಾಯ ಇದೆ. ಮೈ ಒದ್ದೆಯಾದ ಕೂಡಲೇ ಚಿಗಟಗಳು ತಲೆಯ ಕಡೆ ಓಡಿ ಕಿವಿ, ಕಣ್ಣಿನ ಸುತ್ತ ಸೇರುತ್ತವೆ. ಅದಕ್ಕೆ ಮೊದಲು ಕುತ್ತಿಗೆ ಸುತ್ತ ನೊರೆಯ ಪಟ್ಟಿ ಹಾಕಿ, ಆಮೇಲೆ ಮೈಗೆ ನೀರು ಹುಯ್ಯಿರಿ. ನೊರೆಯನ್ನು ಐದು ಹತ್ತು ನಿಮಿಷ ಹಾಗೇ ಬಿಟ್ಟು ತೊಳೆಯಿರಿ. ನಾಯಿಗೆಂದೇ ಮಾಡಿದ ಶಾಂಪೂ ಇರಲಿ. ಪಾತ್ರೆ ತೊಳೆಯುವ ಲಿಕ್ವಿಡ್ ಚಿಗಟವನ್ನು ಕೊಲ್ಲುತ್ತದೆ, ಆದರೆ ಪದೇ ಪದೇ ಹಾಕಿದರೆ ಚರ್ಮ ಒಣಗಿ ತುರಿಕೆ ಜಾಸ್ತಿಯಾಗುತ್ತದೆ. ಬೆಕ್ಕಿಗೆ ಸ್ನಾನ ಬೇಡ. ಅದರ ಕೋಪ ಯಾರಿಗೆ ಬೇಕು? ದಿನಾ ಬಾಚಿ.

ನಾಲ್ಕನೆಯದು: ತಟ್ಟೆಯ ಬಲೆ

ಅಗಲವಾದ ಬಿಳಿ ತಟ್ಟೆಗೆ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ರಾತ್ರಿ ಕೋಣೆಯ ನಡುವೆ ನೆಲದ ಮೇಲೆ ಇಟ್ಟು, ಅದರ ಮೇಲೆ ಬೆಳಕು ಬೀಳುವಂತೆ ಟೇಬಲ್ ಲ್ಯಾಂಪ್ ಇಡಿ. ವೈರು ನೀರಿಗೆ ತಾಗದಂತೆ ನೋಡಿಕೊಳ್ಳಿ. ಬೆಳಕು, ಶಾಖಕ್ಕೆ ಚಿಗಟ ಹಾರಿ ತಟ್ಟೆಗೆ ಬೀಳುತ್ತದೆ. ಇದರಿಂದ ಚಿಗಟ ಮುಗಿಯುತ್ತದೆ ಅಂತ ನಂಬಬೇಡಿ. ಇದು ಲೆಕ್ಕಕ್ಕೆ. ಬೆಳಿಗ್ಗೆ ತಟ್ಟೆಯಲ್ಲಿ ಎಷ್ಟು ಬಿದ್ದಿವೆ ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ. ಸಂಖ್ಯೆ ಎರಡನೇ ವಾರ ಏರಿದರೂ ಹೆದರಬೇಡಿ, ಅದು ಗೂಡು ಒಡೆದು ಬಂದ ಹಳೇ ಬಾಕಿ.

ಐದನೆಯದು: ಅಟ್ಟ, ಅಂಗಳ, ಇಲಿ

ಸಾಕುಪ್ರಾಣಿ ಇಲ್ಲದ ಮನೆಯಲ್ಲೂ ಚಿಗಟ ಬಂದರೆ ಅಟ್ಟ ನೋಡಿ. ಹೆಂಚಿನ ಸಂದಿಯಿಂದ ಬಂದ ಬೆಕ್ಕು ಅಲ್ಲಿ ಮರಿ ಹಾಕಿ ಹೋಗಿರುತ್ತದೆ. ಮರಿಗಳು ಹೋದ ಮೇಲೆ ಜಾಗ ಗುಡಿಸಿ, ಸಂದಿ ಮುಚ್ಚಿ. ಹೊರಗೆ ನೆರಳಿನಲ್ಲಿರುವ ಮರಳ ರಾಶಿ, ಸೌದೆ ಕೊಟ್ಟಿಗೆ, ಮೆಟ್ಟಿಲ ಕೆಳಗಿನ ಮಣ್ಣು, ಬೀದಿನಾಯಿ ಗುಂಡಿ ತೋಡಿ ಮಲಗುವ ಜಾಗ ಇವೆಲ್ಲ ಚಿಗಟದ ತವರು. ಬಿಸಿಲು ಬೀಳುವ ಬಯಲಿನಲ್ಲಿ ಹುಡುಕಿ ಪ್ರಯೋಜನ ಇಲ್ಲ. ಕಸ ಕಡ್ಡಿ ತೆಗೆದು, ಕೊಂಬೆ ಸವರಿ, ಅಲ್ಲಿಗೆ ಬೆಳಕು ಬರುವ ಹಾಗೆ ಮಾಡಿ.

ಇಲಿ ಇದ್ದರೆ ಅದನ್ನೂ ಹಗುರವಾಗಿ ನೋಡಬೇಡಿ. ಪ್ಲೇಗ್ ಹರಡುವುದು ಇಲಿಯ ಚಿಗಟ ಎಂದು ವಿಜ್ಞಾನಿ ಪೌಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ಕಂಡುಕೊಂಡದ್ದು 1898ರಲ್ಲಿ. ಬೆಂಗಳೂರಿಗೆ ಪ್ಲೇಗ್ ಬಂದದ್ದೂ ಅದೇ ವರ್ಷ. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ತರಲು ಬೆಳೆದ ಬಡಾವಣೆಗಳೇ ಬಸವನಗುಡಿ, ಮಲ್ಲೇಶ್ವರ. ಇಲಿ ಸತ್ತು ಮೈ ತಣ್ಣಗಾದರೆ ಚಿಗಟ ಅದನ್ನು ಬಿಟ್ಟು ಬೇರೆ ಮೈ ಹುಡುಕುತ್ತದೆ. ಸತ್ತ ಇಲಿಯನ್ನು ಬರಿಗೈಯಲ್ಲಿ ಬಾಲ ಹಿಡಿದು ಎಸೆಯಬೇಡಿ.

ಅಡುಗೆಮನೆ, ಗಂಧಿಗೆ ಅಂಗಡಿಯ ಮದ್ದುಗಳು

ಉಪ್ಪು, ಸೋಡಾಪುಡಿ ಚೆಲ್ಲಿ ಗುಡಿಸಿ ಅಂತ ಎಲ್ಲೆಲ್ಲೂ ಹೇಳುತ್ತಾರೆ. ಅದರಿಂದ ಏನಾದರೂ ಲಾಭವಾದರೆ ಅದು ಗುಡಿಸಿದ್ದರಿಂದ ಅಂತ ನನ್ನ ಅನಿಸಿಕೆ. ಮಳೆಗಾಲದಲ್ಲಿ ಉಪ್ಪು ನೀರೊಡೆದು ನೆಲ ಇನ್ನೂ ತೇವವಾಗುತ್ತದೆ. ನಾಯಿ ಜಾಸ್ತಿ ನೆಕ್ಕಿದರೆ ಅದಕ್ಕೂ ಅಪಾಯ.

ಬೇವಿನ ಸೊಪ್ಪಿನ ಹೊಗೆ ಹಾಕಿದರೆ ಸೊಳ್ಳೆಗೆ ಸರಿ. ನೆಲದ ಬಿರುಕಿನ ತಳಕ್ಕೆ ಹೊಗೆ ಇಳಿಯುವುದಿಲ್ಲ. ಉಬ್ಬಸ ಇರುವವರಿಗೆ ತೊಂದರೆ ಬೇರೆ.

ಡಯಾಟಮೇಶಿಯಸ್ ಅರ್ತ್ ಎಂಬ ಬಿಳಿ ಪುಡಿ ಈಗ ಆನ್‌ಲೈನಿನಲ್ಲಿ ಸಿಗುತ್ತದೆ. ಬಹಳ ಹಿಂದಿನ ಸೂಕ್ಷ್ಮ ಪಾಚಿಗಳ ಚಿಪ್ಪಿನ ಪುಡಿ ಅದು. ಹುಳದ ಮೈಮೇಲಿನ ಮೇಣದ ಪದರವನ್ನು ಕೆಡಿಸಿ ಒಣಗಿಸಿ ಕೊಲ್ಲುತ್ತದೆ. ವಿಷ ಅಲ್ಲ, ಆದರೆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಫುಡ್ ಗ್ರೇಡ್ ಎಂದು ಬರೆದದ್ದನ್ನೇ ಕೊಳ್ಳಿ. ಮಾಸ್ಕ್ ಹಾಕಿಕೊಂಡು ಬಿರುಕು, ಸಂದಿಗಳಿಗೆ ಮಾತ್ರ ತೆಳ್ಳಗೆ ಉದುರಿಸಿ. ಮಕ್ಕಳು, ಪ್ರಾಣಿಗಳನ್ನು ಆ ಕೋಣೆಗೆ ಬಿಡಬೇಡಿ. ಒದ್ದೆಯಾದರೆ ಕೆಲಸ ಮಾಡುವುದಿಲ್ಲ.

ನೈಸರ್ಗಿಕ ಅಂದರೆ ನಿರಪಾಯ ಅಂತ ತಿಳಿಯಬೇಡಿ, ಮುಖ್ಯವಾಗಿ ಬೆಕ್ಕಿನ ವಿಷಯದಲ್ಲಿ. ಟೀ ಟ್ರೀ, ನೀಲಗಿರಿ, ನಿಂಬೆ, ಕಿತ್ತಳೆ ಎಣ್ಣೆಗಳನ್ನು ಅರಗಿಸಿಕೊಳ್ಳುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಕರ್ಪೂರ, ನುಸಿಗುಳಿಗೆ ನಾಯಿಗೂ ವಿಷ. ಬೆಳ್ಳುಳ್ಳಿ ತಿನ್ನಿಸಿದರೆ ಚಿಗಟ ಹತ್ತಿರ ಬರುವುದಿಲ್ಲ ಅನ್ನುವವರ ಮಾತು ಕೇಳಬೇಡಿ. ಬೆಳ್ಳುಳ್ಳಿ, ಈರುಳ್ಳಿ ಎರಡೂ ನಾಯಿ ಬೆಕ್ಕಿನ ಕೆಂಪು ರಕ್ತಕಣ ಒಡೆಯುತ್ತವೆ. ಸೀಮೆಎಣ್ಣೆ ಹಚ್ಚುವವರು ಇನ್ನೂ ಇದ್ದಾರೆ. ಅವರಿಗೆ ಏನು ಹೇಳುವುದು?

ಪಶುವೈದ್ಯರ ಹತ್ತಿರ ಯಾವಾಗ?

ಮೂರು ನಾಲ್ಕು ವಾರ ಬಿಡದೆ ಮಾಡಿದರೂ ತಟ್ಟೆಯ ಲೆಕ್ಕ ಇಳಿಯದಿದ್ದರೆ, ನಾಯಿ ಕೂದಲು ಉದುರಿ ಗಾಯವಾಗುವಷ್ಟು ಕೆರೆದುಕೊಂಡರೆ ಹಠ ಬೇಡ. ಬಾಯಿಂದ ಕೊಡುವ ಮಾತ್ರೆ, ಬೆನ್ನಿಗೆ ಬಿಡುವ ಹನಿ ಇವೆ. ಮೈಮೇಲಿನ ಚಿಗಟ ಸತ್ತರೆ ಹೊಸ ಮೊಟ್ಟೆ ಬೀಳುವುದು ನಿಲ್ಲುತ್ತದೆ, ನೆಲದ ಕೆಲಸ ಬೇಗ ಮುಗಿಯುತ್ತದೆ. ನಾಯಿಯ ಔಷಧಿಯನ್ನು ಬೆಕ್ಕಿಗೆ ಹಾಕಬೇಡಿ. ಅದರಲ್ಲಿ ಪರ್ಮೆತ್ರಿನ್ ಎಂಬ ಕೀಟನಾಶಕ ಇದ್ದರೆ ಬೆಕ್ಕು ಸಾಯಬಹುದು.

ಎಳೆಮರಿಗಳ ವಿಷಯದಲ್ಲಿ ಮಾತ್ರ ಒಂದು ದಿನವೂ ಕಾಯಬೇಡಿ. ಚಿಗಟ ಜಾಸ್ತಿಯಾದರೆ ರಕ್ತ ಕಡಿಮೆಯಾಗಿಯೇ ಮರಿ ಸಾಯುತ್ತದೆ. ವಸಡು ಬಿಳಿಚಿಕೊಂಡಿದೆಯೇ ನೋಡಿ.

ಹಾಗೆಯೇ ಬಾಲದ ಕೆಳಗೆ ಅಥವಾ ಮಲದಲ್ಲಿ ಅಕ್ಕಿ ಕಾಳಿನಂಥ ಬಿಳಿ ತುಣುಕು ಕಂಡರೆ ಅದು ಲಾಡಿಹುಳು. ನಾಯಿ ಬೆಕ್ಕು ಮೈ ಕಚ್ಚಿಕೊಳ್ಳುವಾಗ ಚಿಗಟ ನುಂಗಿದರೆ ಅದರೊಳಗಿನ ಲಾಡಿಹುಳುವಿನ ಮರಿ ಹೊಟ್ಟೆ ಸೇರುತ್ತದೆ. ನೆಲದಲ್ಲಿ ಆಡುವ ಪುಟ್ಟ ಮಕ್ಕಳಿಗೂ ಅಪರೂಪಕ್ಕೆ ಹೀಗೆ ಬರುವುದುಂಟು. ಜಂತುಹುಳದ ಎಲ್ಲ ಮಾತ್ರೆಯೂ ಇದಕ್ಕೆ ಆಗುವುದಿಲ್ಲ. ಕಂಡ ತುಣುಕನ್ನು ಒಂದು ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿ.