ಹುಳು ಉದುರಿದ ಮೇಲೂ ಎರಡು ತಿಂಗಳ ಕೆಲಸ ಇದೆ

ಉಪ್ಪುನೀರಿನ ಅಕ್ವೇರಿಯಂ ತೊಟ್ಟಿಯಲ್ಲಿ ಸಾಕುವ ಹವಳಕ್ಕೆ ಬೀಳುವ ಒಂದು ಹುಳುವನ್ನು ಹೇಗೆ ತೊಲಗಿಸುತ್ತೇನೆ ಅನ್ನುವುದೇ ಈ ಬರಹ. ಮೊದಲೇ ಹೇಳಿಬಿಡುತ್ತೇನೆ, ನಾನಿರುವುದು ಅಮೆರಿಕದ ಟೆಕ್ಸಸ್‌ನಲ್ಲಿ. ಇಲ್ಲಿ ತೊಟ್ಟಿಯಲ್ಲೇ ಬೆಳೆಸಿದ ಹವಳದ ತುಂಡುಗಳು ಅಂಗಡಿಯಲ್ಲಿ ಸಿಗುತ್ತವೆ. ಹವ್ಯಾಸಿಗಳು ತಮ್ಮತಮ್ಮಲ್ಲೇ ಕೊಟ್ಟು ತಗೊಳ್ಳುವುದೂ ಉಂಟು. ನಮ್ಮೂರಲ್ಲಿ ಹಾಗಿಲ್ಲ. ಕಲ್ಲುಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಬೆಂಗಳೂರಿನಲ್ಲಿ ಯಾರಾದರೂ ಗುಟ್ಟಾಗಿ ಅಕ್ರೋಪೋರಾ ಹವಳ ಕೊಡುತ್ತೇನೆ ಅಂದರೆ ಕೈಮುಗಿದು ಎದ್ದು ಬನ್ನಿ. ಇದನ್ನು ಬರೆಯುತ್ತಿರುವುದು ನನ್ನ ಹಾಗೆ ಹೊರದೇಶದಲ್ಲಿದ್ದು ಉಪ್ಪುನೀರಿನ ತೊಟ್ಟಿ ಇಟ್ಟುಕೊಂಡವರಿಗೆ.

ಅಕ್ರೋಪೋರಾ ಕವಲು ಕವಲಾಗಿ ಬೆಳೆಯುವ ಹವಳ. ಚೆಂದ ಎಷ್ಟೋ ರಗಳೆಯೂ ಅಷ್ಟೇ. ಇದನ್ನೇ ತಿಂದು ಬದುಕುವ ಒಂದು ಚಪ್ಪಟೆ ಹುಳು ಇದೆ, ಪ್ರೋಸ್ಥಿಯೋಸ್ಟೋಮಮ್ ಅಕ್ರೋಪೋರೆ. ಇದಕ್ಕೆ ವಿಜ್ಞಾನದ ಹೆಸರು ಸಿಕ್ಕಿದ್ದೇ 2011ರಲ್ಲಿ, ಅದೂ ಅಕ್ವೇರಿಯಂ ಹವಳದ ಮೇಲಿದ್ದ ಹುಳುಗಳಿಂದ. ಆಮೇಲೆ ಗ್ರೇಟ್ ಬ್ಯಾರಿಯರ್ ರೀಫ್‌ನ ಲಿಜರ್ಡ್ ದ್ವೀಪದಲ್ಲಿ, ಸಮುದ್ರದ ಹವಳದ ಮೇಲೂ ಕಂಡಿತು. ಸಮುದ್ರದಲ್ಲಿ ಇದನ್ನು ಹಿಡಿದು ತಿನ್ನುವವರಿದ್ದಾರೆ. ನಮ್ಮ ತೊಟ್ಟಿಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲ.

ಹವಳದ ಮೇಲೆ ಈ ಹುಳುವನ್ನು ಹುಡುಕುವುದು ವ್ಯರ್ಥ. ತಿಂದ ಹವಳದ ಬಣ್ಣವೇ ಅದರ ಮೈಯಲ್ಲಿ ಕಾಣುತ್ತದೆ, ನೀಲಿ ದೀಪದಲ್ಲಿ ಹವಳ ಹೊಳೆದ ಹಾಗೆ ಹುಳುವೂ ಹೊಳೆಯುತ್ತದೆ. ನಾನು ನೋಡುವುದು ಕಚ್ಚಿದ ಗುರುತನ್ನು. ಕವಲಿನ ಕೆಳಭಾಗದಲ್ಲಿ, ನೆರಳು ಬೀಳುವ ಕಡೆ, ಸಣ್ಣ ಸಣ್ಣ ದುಂಡನೆಯ ಬಿಳಿಚಿದ ಚುಕ್ಕಿಗಳು. ಬಣ್ಣ ಸ್ವಲ್ಪ ಮಾಸಿರುತ್ತದೆ, ಹವಳದ ಪುಟ್ಟ ಜೀವಿಗಳಾದ ಪಾಲಿಪ್‌ಗಳು ಸರಿಯಾಗಿ ಹೊರಗೆ ಬಂದಿರುವುದಿಲ್ಲ. ಬೆಳಕು ಜಾಸ್ತಿಯಾಯಿತೇನೋ, ನೀರು ಕೆಟ್ಟಿತೇನೋ ಅಂತ ಜನ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವುದು ಇಲ್ಲೇ.

ಹೊಸ ತುಂಡು ಬಂದ ದಿನವೇ ಡಿಪ್, ಅಂದರೆ ಹುಳು ಉದುರಿಸುವ ಔಷಧಿ ನೀರಿನಲ್ಲಿ ಅದ್ದುವುದು. ಬಿಳಿ ಬಣ್ಣದ ಅಗಲವಾದ ಡಬ್ಬಿ ಬೇಕು, ಬಿಳಿಯೇ ಆಗಬೇಕು. ಅದಕ್ಕೆ ತೊಟ್ಟಿಯದೇ ನೀರು ಹಾಕಿ, ಕೋರಲ್ ಆರ್‌ಎಕ್ಸ್ ಥರದ ಡಿಪ್ಪನ್ನು ಬಾಟಲಿ ಮೇಲೆ ಬರೆದ ಅಳತೆಯಲ್ಲೇ ಬೆರೆಸುತ್ತೇನೆ. ಹವಳ ಇಟ್ಟು, ಅಡುಗೆಮನೆಯ ಪಿಚಕಾರಿಯಂಥ ಬೇಸ್ಟರ್‌ನಲ್ಲಿ ಅದೇ ನೀರನ್ನು ಹೀರಿ ಕವಲುಗಳ ಸಂದಿಗೆ ಜೋರಾಗಿ ಬಿಡುತ್ತೇನೆ. ಸುಮ್ನೆ ಮುಳುಗಿಸಿಟ್ಟರೆ ಪ್ರಯೋಜನವಿಲ್ಲ, ಹುಳು ಸತ್ತರೂ ಅಂಟಿಕೊಂಡೇ ಇರುತ್ತದೆ. ಸ್ವಲ್ಪ ಹೊತ್ತಿಗೆ ಡಬ್ಬಿಯ ತಳದಲ್ಲಿ ತೆಳ್ಳನೆಯ ಚೂರುಗಳು ಬೀಳುತ್ತವೆ. ಮೊದಲ ನೋಟಕ್ಕೆ ಹವಳದ ಸಿಪ್ಪೆಯೇ ಎದ್ದಿತು ಅನಿಸುತ್ತದೆ. ಭೂತಗನ್ನಡಿ ಹಿಡಿದರೆ ಗೊತ್ತಾಗುತ್ತದೆ: ಅಂಡಾಕಾರ, ಒಂದು ಸೆಂಟಿಮೀಟರಿಗೂ ಕಡಿಮೆ, ಅಂಚು ನೀಟಾಗಿ ಗುಂಡಗಿದೆ, ಮಧ್ಯದಲ್ಲಿ ಕಂದು ಚುಕ್ಕಿಗಳು. ಸಿಪ್ಪೆಗೆ ಅಂಥ ಅಂಚು ಇರುವುದಿಲ್ಲ. ಕೆಲವು ಇನ್ನೂ ಮುದುಡಿಕೊಳ್ಳುತ್ತಿರುತ್ತವೆ. ಆಮೇಲೆ ಹವಳವನ್ನು ಬೇರೆ ಬೇರೆ ಡಬ್ಬಿಗಳ ಶುದ್ಧ ಉಪ್ಪುನೀರಿನಲ್ಲಿ ಎರಡು ಸಲ ಜಾಲಿಸಿ ತೆಗೆಯಬೇಕು. ಡಿಪ್ ನೀರು ಚರಂಡಿಗೆ, ಒಂದು ತೊಟ್ಟೂ ತೊಟ್ಟಿಗೆ ಹೋಗಬಾರದು.

ಔಷಧಿಯ ವಿಷಯದಲ್ಲಿ ಪಂಗಡಗಳಿವೆ. ಕುರಿಗಳಿಗೆ ಜಂತುಹುಳುವಿಗೆ ಕುಡಿಸುವ ಲೆವಮಿಸೋಲ್ ಬಳಸುವವರಿದ್ದಾರೆ, ಹುಳು ಸೆಟೆದುಕೊಂಡು ಹಿಡಿತ ಬಿಡುತ್ತದೆ. ಪೊಟ್ಯಾಸಿಯಂ ಕ್ಲೋರೈಡ್ ಕರಗಿಸಿ ಅದ್ದುವವರೂ ಇದ್ದಾರೆ. ಹೌದು, ತೋಟಕ್ಕೆ ಹಾಕುವ ಪೊಟ್ಯಾಷೇ. ಇಮಿಡಾಕ್ಲೋಪ್ರಿಡ್ ಇರುವ ತೋಟದ ಕೀಟನಾಶಕವನ್ನು ಹೊಗಳುವವರು ಬೇಕಾದಷ್ಟು. ಕೆಲಸ ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಲೇಬಲ್‌ನಲ್ಲಿ ಹೇಳದ ಕೆಲಸಕ್ಕೆ ಕೀಟನಾಶಕ ಬಳಸುವುದು ಇಲ್ಲಿನ ಕಾನೂನಿಗೆ ವಿರುದ್ಧ. ಜೊತೆಗೆ ಅಕ್ರೋಪೋರಾ ಕವಲಿನೊಳಗೆ ಮನೆ ಮಾಡಿಕೊಂಡು ಅದನ್ನು ಕಾಯುವ ಪುಟ್ಟ ಏಡಿಗಳೂ ಅದರಲ್ಲಿ ಸಾಯುತ್ತವೆ. ನಾನು ಅದನ್ನು ಮನೆಯೊಳಗೆ ತಂದಿಲ್ಲ.

ಯಾವ ಡಿಪ್ ಆದರೂ ಒಂದು ಮಿತಿ ಇದ್ದೇ ಇದೆ. ಮೊಟ್ಟೆಗೆ ಅದು ತಾಗುವುದಿಲ್ಲ. ಹುಳು ಉದುರಿದ್ದನ್ನು ನೋಡಿ ಖುಷಿಯಾಗಿ ಹವಳವನ್ನು ತೊಟ್ಟಿಗೆ ಹಾಕಿದರೆ ಮುಂದಿನ ಸಂತಾನವನ್ನೂ ನಾವೇ ಹಾಕಿದ ಹಾಗೆ. ಅದಕ್ಕೇ ನನ್ನ ಲೆಕ್ಕದಲ್ಲಿ ಡಿಪ್ ಬರೀ ತಪಾಸಣೆ. ನಿಜವಾದ ಚಿಕಿತ್ಸೆ ಬುಡ ಕತ್ತರಿಸುವುದು ಮತ್ತು ಕಾಯುವುದು.

ಬುಡ ಯಾಕೆ ಅಂದರೆ, ಈ ಹುಳು ಮೊಟ್ಟೆ ಇಡುವುದು ಹವಳದ ಜೀವಂತ ಚರ್ಮದ ಮೇಲಲ್ಲ. ಚರ್ಮ ಹೋಗಿ ಬಿಳಿ ಅಸ್ಥಿ ಕಾಣುವ ಕಡೆ, ಜೀವ ಇರುವ ಅಂಚಿಗೆ ಹೊಂದಿಕೊಂಡೇ ಇಡುತ್ತದೆ. ಹೊಂಬಣ್ಣ ಬೆರೆತ ಕಂದು ಕಾಳುಗಳು, ಸಾಸಿವೆಗಿಂತ ಚಿಕ್ಕವು, ಒತ್ತೊತ್ತಾಗಿ ಒಂದೇ ಪದರದಲ್ಲಿ ಅಂಟಿರುತ್ತವೆ. ಒಂದೊಂದು ಕಾಳಿನಲ್ಲೂ ಒಂದಕ್ಕಿಂತ ಜಾಸ್ತಿ ಮರಿ. ಸಾಮಾನ್ಯವಾಗಿ ಸಿಗುವುದು ತುಂಡು ಅಂಟಿಸಿರುವ ಬಿಲ್ಲೆಯಂಥ ಪ್ಲಗ್‌ನ ಹತ್ತಿರ, ಅಂಟಿನ ಸಂದಿಯಲ್ಲಿ. ಹಾಗಾಗಿ ಅಂಗಡಿಯಿಂದ ಬಂದ ಪ್ಲಗ್ ಎಷ್ಟೇ ಚೆನ್ನಾಗಿದ್ದರೂ ನಾನು ಇಟ್ಟುಕೊಳ್ಳುವುದಿಲ್ಲ. ಬೋನ್ ಕಟರ್‌ನಲ್ಲಿ ಜೀವ ಇರುವ ಭಾಗದಲ್ಲೇ, ಬುಡಕ್ಕಿಂತ ಸ್ವಲ್ಪ ಮೇಲಕ್ಕೆ ಕತ್ತರಿಸಿ, ಹೊಸ ಪ್ಲಗ್‌ಗೆ ಸೂಪರ್ ಗ್ಲೂ ಜೆಲ್‌ನಲ್ಲಿ ಕೂರಿಸುತ್ತೇನೆ. ಫೆವಿಕ್ವಿಕ್ ಜಾತಿಯ ಅಂಟೇ, ಮಂದವಾಗಿರಬೇಕು ಅಷ್ಟೇ. ಬೇರೆ ಎಲ್ಲಾದರೂ ಅಸ್ಥಿ ಬರಿದಾಗಿದ್ದರೆ ಬ್ಲೇಡಿನಲ್ಲಿ ಕೆರೆದು ಅದರ ಮೇಲೂ ಅಂಟು ಸವರಿ ಮುಚ್ಚುತ್ತೇನೆ. ದುಡ್ಡು ಕೊಟ್ಟು ತಂದ ತುಂಡನ್ನು ಕತ್ತರಿಸುವಾಗ ಹೊಟ್ಟೆ ಉರಿಯುತ್ತದೆ, ನಿಜ.

ಇನ್ನು ಕಾಯುವುದು. ಇದಕ್ಕೆ ಬೇರೆಯೇ ಒಂದು ಕ್ವಾರಂಟೈನ್ ತೊಟ್ಟಿ, 10 ಗ್ಯಾಲನ್ನಿನದು, ಅಂದರೆ ಸುಮಾರು 38 ಲೀಟರ್. ತಳ ಬರಿದು. ಮರಳಿಲ್ಲ, ಕಲ್ಲಿಲ್ಲ, ಮೀನಿಲ್ಲ. ಹೀಟರ್, ನೀರು ತಿರುಗಿಸಲು ಸಣ್ಣ ಪಂಪು, ಹಿಂಬದಿಗೆ ನೇತುಹಾಕುವ ಫಿಲ್ಟರ್, ಒಂದು ಸಾಧಾರಣ ದೀಪ. ಹವಳಗಳಿಗೆ ಪ್ಲಾಸ್ಟಿಕ್ ಜಾಲರಿಯ ಸ್ಟ್ಯಾಂಡು. ದೊಡ್ಡ ತೊಟ್ಟಿಯ ನೀರು ಬದಲಿಸುವ ದಿನ ಅಲ್ಲಿಂದ ತೆಗೆದ ನೀರನ್ನೇ ಇದಕ್ಕೆ ಹಾಕುತ್ತೇನೆ. ಉಪ್ಪು, ಕ್ಷಾರ ಎರಡೂ ಹೊಂದಿಕೊಳ್ಳುತ್ತವೆ, ಖರ್ಚೂ ಇಲ್ಲ. ಈ ತೊಟ್ಟಿಯ ಬಲೆ, ಇಕ್ಕಳ, ಬೇಸ್ಟರ್ ಎಲ್ಲಕ್ಕೂ ಕೆಂಪು ಟೇಪು ಸುತ್ತಿದ್ದೇನೆ, ಅತ್ತದ್ದು ಇತ್ತ ಆಗದಿರಲಿ ಅಂತ.

ಎಷ್ಟು ದಿನ ಕಾಯಬೇಕು? ಆಸ್ಟ್ರೇಲಿಯಾದಲ್ಲಿ ಈ ಹುಳುವಿನ ಇಡೀ ಜೀವನಚಕ್ರವನ್ನು ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದ್ದಾರೆ. ನೀರು 27 ಡಿಗ್ರಿ ಸೆಲ್ಸಿಯಸ್ ಇದ್ದರೆ ಮೊಟ್ಟೆ ಒಡೆಯಲು ಸುಮಾರು 11 ದಿನ, ಮೊಟ್ಟೆಯಿಂದ ಮತ್ತೆ ಮೊಟ್ಟೆ ಇಡುವ ತನಕ ಸುಮಾರು 38 ದಿನ. ನೀರು ತಣ್ಣಗಾದಷ್ಟೂ ಇದೆಲ್ಲ ನಿಧಾನ. ಕ್ವಾರಂಟೈನ್ ತೊಟ್ಟಿಯನ್ನು ತಂಪಾಗಿಟ್ಟರೆ ಹವಳಕ್ಕೆ ಹಾಯಿ ಅನ್ನುವವರಿದ್ದಾರೆ. ಹುಳುವಿಗೂ ಹಾಯಿ, ಅಲ್ವಾ? ಮೊಟ್ಟೆ ಒಡೆಯುವುದು ಮುಂದಕ್ಕೆ ಹೋಗುತ್ತದೆ, ನಮ್ಮ ಲೆಕ್ಕ ತಪ್ಪುತ್ತದೆ. ನಾನು 27ಕ್ಕೇ ನಿಲ್ಲಿಸುತ್ತೇನೆ. ವಾರಕ್ಕೊಂದು ಡಿಪ್. ಮರಿಗಳು ಹೊರಬಂದು, ದೊಡ್ಡವಾಗಿ ಮೊಟ್ಟೆ ಇಡುವುದರೊಳಗೆ ಒಂದಲ್ಲ ಒಂದು ಡಿಪ್ಪಿಗೆ ಸಿಕ್ಕೇ ಸಿಗಬೇಕು. ಕೊನೆಯ ಹುಳು ಕಂಡ ದಿನದಿಂದ ಮತ್ತೆ ಪೂರ್ತಿ ಆರು ವಾರ ಖಾಲಿ ಡಬ್ಬಿ ಕಾಣುವ ತನಕ ತುಂಡು ಅಲ್ಲೇ. ಎಲ್ಲ ಸೇರಿ ಎರಡು ತಿಂಗಳ ಮೇಲಾಗುತ್ತದೆ. ಮೀನಿಲ್ಲದ ತೊಟ್ಟಿಯಾದ್ದರಿಂದ ಪ್ಲಗ್ ಜೊತೆ ಬರಬಹುದಾದ ಮೀನಿನ ಬಿಳಿಚುಕ್ಕಿ ರೋಗಕ್ಕೂ ಇದರಲ್ಲೇ ಕಡಿವಾಣ.

ವಾರಕ್ಕೊಮ್ಮೆಯ ಈ ಪೂಜೆಯನ್ನು ನೋಡಿ, ಊರಿಂದ ಬಂದಿದ್ದ ಅಮ್ಮ ಅಂದಿದ್ದು: «ಬಾಣಂತಿಗೂ ಇಷ್ಟು ಉಪಚಾರ ಮಾಡಲ್ಲ ಕಣೋ.» ಆಮೇಲೆ ಭೂತಗನ್ನಡಿ ಇಸಕೊಂಡು ಹುಳು ಎಣಿಸುತ್ತಾ ಕೂತಿದ್ದೂ ಅವರೇ.

ದೊಡ್ಡ ತೊಟ್ಟಿಗೇ ಹುಳು ಬಂದುಬಿಟ್ಟಿದ್ದರೆ ಕೆಲಸ ಬೇರೆ. ಔಷಧಿಯನ್ನು ಅದಕ್ಕೆ ಸುರಿಯಬೇಡಿ. ಅಕ್ರೋಪೋರಾ ಎಲ್ಲವನ್ನೂ ಹೊರತೆಗೆದು ಕ್ವಾರಂಟೈನ್‌ಗೆ ಹಾಕಿ, ಕಲ್ಲಿಗೆ ಹರಡಿಕೊಂಡ ಬುಡಗಳನ್ನೂ ಬಿಡದೆ ಕೆರೆಯಿರಿ. ತಿನ್ನಲು ಅಕ್ರೋಪೋರಾ ಸಿಗದಿದ್ದರೆ ಹುಳು ಹಸಿದು ಸಾಯುತ್ತದೆ. ಸಿಕ್ಸ್‌ಲೈನ್ ರಾಸ್ ಮೀನು ಹುಳುಗಳನ್ನು ಹೆಕ್ಕಿ ತಿನ್ನುತ್ತದೆ. ಸಹಾಯ ಆಗುತ್ತದೆ, ಆದರೆ ಅದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಗಾಜಿನ ಮೇಲೆ, ಮರಳಿನ ಮೇಲೆ ತುಕ್ಕು ಬಣ್ಣದಲ್ಲಿ ಹರಡುವ ಹುಳುಗಳು ಬೇರೆ ಜಾತಿ. ಅವು ಹವಳ ತಿನ್ನುವುದಿಲ್ಲ, ಬೆಳಕಿಗೆ ಅಡ್ಡ ಬರುತ್ತವೆ ಅಷ್ಟೇ. ಅವಕ್ಕೆ ಔಷಧಿ ಹಾಕುವ ಮುಂಚೆ ಪೈಪಿನಲ್ಲಿ ಆದಷ್ಟೂ ಹೀರಿ ತೆಗೆಯಿರಿ, ವಿಷ ಹೀರಲು ಇದ್ದಿಲು ಸಿದ್ಧವಾಗಿರಲಿ. ಒಟ್ಟಿಗೆ ಸತ್ತರೆ ಅವುಗಳ ವಿಷಕ್ಕೆ ಮೀನು ಸಾಯುತ್ತವೆ.

ಕ್ವಾರಂಟೈನ್ ನಡುವೆ ಇನ್ನೊಂದು ತುಂಡು ಅಗ್ಗಕ್ಕೆ ಸಿಕ್ಕಿತು ಅಂತ ಅದೇ ತೊಟ್ಟಿಗೆ ಸೇರಿಸುವ ಆಸೆ ಬರುತ್ತದೆ. ಸೇರಿಸಿದರೆ ಹಳೆಯ ತುಂಡುಗಳಿಗೂ ಎಣಿಕೆ ಮತ್ತೆ ಮೊದಲಿಂದ. ನಾನಂತೂ ಮಾರುವವರಿಗೆ ಮುಂಗಡ ಕೊಟ್ಟು, ಈ ತಂಡ ದೊಡ್ಡ ತೊಟ್ಟಿಗೆ ಹೋದ ಮೇಲೇ ತರುತ್ತೇನೆ ಅಂತ ಹೇಳಿಬಿಡುತ್ತೇನೆ.