ಕುದುರೆ ಸವಾರಿ: ಓಲಾಡುವ ಕಾಲು ನಿಲ್ಲುವುದು ಹೇಗೆ?

ಕುದುರೆ ನಡಿಗೆ ಬಿಟ್ಟು ಟ್ರಾಟ್‌ಗೆ, ಅಂದರೆ ಕುಲುಕುವ ಲಘು ಓಟಕ್ಕೆ, ಇಳಿಯುತ್ತಿದ್ದಂತೆ ಸವಾರರ ಮಂಡಿಯಿಂದ ಕೆಳಗಿನ ಕಾಲು ಹಿಂದಕ್ಕೂ ಮುಂದಕ್ಕೂ ಓಲಾಡತೊಡಗುತ್ತದೆ. ಹಿಮ್ಮಡಿ ಮೇಲೇಳುತ್ತದೆ, ಸ್ಟಿರಪ್ (ಪಾದ ಊರುವ ರಿಕಾಪು) ಪಾದದ ನಡುವಿಗೆ ಸರಿಯುತ್ತದೆ ಇಲ್ಲವೇ ಕಳಚಿಯೇ ಹೋಗುತ್ತದೆ. ಆಗ ತರಬೇತುದಾರರ ಬಾಯಲ್ಲಿ ಬರುವ ಮಾತು ‘ಹಿಮ್ಮಡಿ ಕೆಳಗೆ!’ ಸವಾರರು ಹಿಮ್ಮಡಿಯನ್ನು ಬಲವಾಗಿ ಒತ್ತುತ್ತಾರೆ. ಕಾಲು ಮುಂದಕ್ಕೆ ಚಾಚಿಕೊಳ್ಳುತ್ತದೆ, ಸೊಂಟ ಹಿಂದೆ ಬೀಳುತ್ತದೆ, ಕುರ್ಚಿಯಲ್ಲಿ ಕುಳಿತಂತಾಗುತ್ತದೆ. ಒಂದು ತಪ್ಪು ಹೋಗಿ ಇನ್ನೊಂದು ಬಂತು, ಅಷ್ಟೆ.

ಹಿಮ್ಮಡಿಯನ್ನು ಒತ್ತಿ ಇಳಿಸಬೇಕಿಲ್ಲ. ಮೇಲಿನ ಬಿಗಿ ಸಡಿಲವಾದರೆ ಅದು ತಾನೇ ಇಳಿಯುತ್ತದೆ. ಕೆಳಗೆ ಕಾಣುವ ತಪ್ಪಿನ ಬೇರು ಹೆಚ್ಚಿನ ಸಲ ಮಂಡಿ, ತೊಡೆ, ಸೊಂಟದಲ್ಲಿರುತ್ತದೆ. ಕೆಲವೊಮ್ಮೆ ಜೀನಿನಲ್ಲೇ, ಅಂದರೆ ಕುದುರೆಯ ಬೆನ್ನ ಮೇಲಿನ ಆಸನದಲ್ಲೇ, ಇರುತ್ತದೆ.

ಮೊದಲು ಒಂದು ಫೋಟೊ

ಕುದುರೆಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಪಕ್ಕದಿಂದ ಯಾರಾದರೂ ನಿಮ್ಮ ಫೋಟೊ ತೆಗೆಯಲಿ. ಕಿವಿ, ಭುಜ, ಸೊಂಟದ ಕೀಲು, ಹಿಮ್ಮಡಿ ಒಂದೇ ನೆಟ್ಟಗಿನ ಗೆರೆಯಲ್ಲಿ ಬರಬೇಕು. ಸ್ಟಿರಪ್‌ನ ಚರ್ಮದ ಪಟ್ಟಿ ತೂಗುಗುಂಡಿನ ದಾರದಂತೆ ನೇರ ಕೆಳಕ್ಕೆ ಇಳಿದಿರಬೇಕು. ಪಟ್ಟಿ ಮುಂದಕ್ಕೆ ವಾಲಿದ್ದರೆ ಕಾಲು ಮುಂದಿದೆ, ಹಿಂದಕ್ಕೆ ವಾಲಿದ್ದರೆ ಕಾಲು ಹಿಂದಿದೆ. ನೀವೇ ಬಗ್ಗಿ ನೋಡಿಕೊಳ್ಳಬೇಡಿ. ತಲೆ ಬಗ್ಗಿದ ಕೂಡಲೇ ಮೈಯ ತೂಕ ಮುಂದಕ್ಕೆ ಬಂದು ಕಾಲಿನ ಜಾಗವೂ ಬದಲಾಗುತ್ತದೆ.

ಸ್ಟಿರಪ್ ಮತ್ತು ಜೀನು

ನೆಲದ ಮೇಲೆ ನಿಂತು, ಜೀನಿನಲ್ಲಿ ಪಟ್ಟಿ ಸಿಕ್ಕಿಸುವ ಲೋಹದ ಕೊಂಡಿಗೆ ಬೆರಳ ತುದಿ ಮುಟ್ಟಿಸಿ. ಪಟ್ಟಿಯನ್ನು ತೋಳಿನುದ್ದಕ್ಕೂ ಎಳೆದು ಹಿಡಿದಾಗ ಸ್ಟಿರಪ್‌ನ ತಳ ಕಂಕುಳಿಗೆ ಬಂದರೆ ಅದು ಅಂದಾಜು ಅಳತೆ. ಮೇಲೆ ಕುಳಿತು ಕಾಲು ಸಡಿಲವಾಗಿ ಇಳಿಬಿಟ್ಟಾಗ ಸ್ಟಿರಪ್‌ನ ತಳ ಕಾಲಿನ ಗಂಟಿನ ಮೂಳೆಗೆ ತಾಗಿದರೆ ಸಾಮಾನ್ಯ ಸವಾರಿಗೆ ಸರಿ. ಜಿಗಿತಕ್ಕೆ ಎರಡು ರಂಧ್ರ ಮೇಲೆ. ಪಟ್ಟಿ ತೀರಾ ಉದ್ದವಿದ್ದರೆ ಕಾಲ್ಬೆರಳು ಸ್ಟಿರಪ್ ಹುಡುಕುತ್ತಾ ಕೆಳಕ್ಕೆ ಚಾಚುತ್ತದೆ. ಹಿಮ್ಮಡಿ ಮೇಲೇಳಲು ಅದೊಂದೇ ಸಾಕು. ಎಡ ಪಟ್ಟಿಯ ಮೇಲೆ ಹತ್ತಿ ಹತ್ತಿ ಅದು ಹಿಗ್ಗಿರುತ್ತದೆ. ರಂಧ್ರದ ಸಂಖ್ಯೆಯನ್ನು ನಂಬದೆ ಎರಡನ್ನೂ ಬಿಚ್ಚಿ ಪಕ್ಕಪಕ್ಕ ಹಿಡಿದು ಅಳೆಯಿರಿ; ಆಗಾಗ ಎಡಬಲ ಅದಲುಬದಲು ಮಾಡಿ. ಸ್ಟಿರಪ್‌ನ ಅಗಲ ಬೂಟಿಗಿಂತ ಎರಡೂ ಕಡೆ ಒಂದೊಂದು ಸೆಂಟಿಮೀಟರ್‌ ಹೆಚ್ಚಿರಲಿ. ಬೂಟಿಗೆ ಹಿಮ್ಮಡಿ ಇರಲೇಬೇಕು. ಬಿದ್ದಾಗ ಪಾದ ಸಿಕ್ಕಿಕೊಂಡರೆ ಕುದುರೆ ಸವಾರರನ್ನು ಎಳೆದುಕೊಂಡು ಓಡುತ್ತದೆ, ಇದರಲ್ಲಿ ರಾಜಿ ಬೇಡ.

ಕುದುರೆಯ ಬೆನ್ನ ಮೇಲಿನ ಖಾಲಿ ಜೀನಿನ ಮೇಲೆ ಒಂದು ದುಂಡನೆಯ ಪೆನ್ಸಿಲ್ ಅಡ್ಡಲಾಗಿಡಿ. ಅದು ಉರುಳಿ ಸೀಟಿನ ನಡುವೆ ನಿಲ್ಲಬೇಕು. ಹಿಂದಕ್ಕೆ ಹೋಗಿ ನಿಂತರೆ ಜೀನು ನಿಮ್ಮನ್ನು ಹಿಂದಕ್ಕೆ ಕೂರಿಸುತ್ತಿದೆ, ಕಾಲು ಮುಂದೆ ಹೋಗುವುದು ನಿಮ್ಮ ತಪ್ಪಲ್ಲ. ಪಟ್ಟಿಯ ಕೊಂಡಿ ತುಂಬಾ ಮುಂದಿರುವ ಜೀನುಗಳಲ್ಲೂ ಇದೇ ಪಾಡು. ಎಷ್ಟು ಅಭ್ಯಾಸ ಮಾಡಿದರೂ ಪಟ್ಟಿ ಕಾಲನ್ನು ಮುಂದಕ್ಕೆ ಎಳೆಯುತ್ತಲೇ ಇರುತ್ತದೆ. ಜೀನು ಹೊಂದಿಸಬಲ್ಲವರಿಗೆ ತೋರಿಸುವುದೊಂದೇ ದಾರಿ.

ಕಾಲನ್ನು ಕೂರಿಸುವುದು

ನಿಂತ ಕುದುರೆಯ ಮೇಲೆ, ಯಾರಾದರೂ ಲಗಾಮು ಹಿಡಿದಿರುವಾಗ, ಎರಡೂ ಪಾದ ಸ್ಟಿರಪ್‌ನಿಂದ ತೆಗೆಯಿರಿ. ಒಂದು ಕಾಲನ್ನು ಜೀನಿನಿಂದ ಸ್ವಲ್ಪ ಅಗಲಿಸಿ, ಕೈಯನ್ನು ಹಿಂಬದಿಯಿಂದ ತೊಡೆಯ ಕೆಳಗೆ ಹಾಕಿ, ಒಳತೊಡೆಯ ದಪ್ಪ ಮಾಂಸವನ್ನು ಹಿಂದಕ್ಕೆ ಎಳೆದು ಬಿಡಿ. ತೊಡೆ ಚಪ್ಪಟೆಯಾಗಿ ಜೀನಿಗೆ ಅಂಟುವುದು, ಮಂಡಿಚಿಪ್ಪು ಮುಂದಕ್ಕೆ ತಿರುಗುವುದು ಆ ಕ್ಷಣದಲ್ಲೇ ಗೊತ್ತಾಗುತ್ತದೆ. ಇನ್ನೊಂದು ಕಾಲಿಗೂ ಹೀಗೇ ಮಾಡಿ. ಈಗ ಸ್ಟಿರಪ್ಪನ್ನು ಪಾದದ ಅತಿ ಅಗಲವಾದ ಭಾಗಕ್ಕೆ, ಅಂದರೆ ಹೆಬ್ಬೆರಳ ಬುಡದ ಕೆಳಗೆ, ತೊಡಿಸಿಕೊಳ್ಳಿ. ಕಾಲ್ಬೆರಳು ತುಸು ಹೊರಕ್ಕೆ ತಿರುಗಿದ್ದರೆ ತೊಂದರೆಯಿಲ್ಲ. ಬಲವಂತವಾಗಿ ನೇರ ಮಾಡಿದರೆ ಕಾಲಿನ ಗಂಟು ಸೆಟೆದುಕೊಳ್ಳುತ್ತದೆ.

ಮಂಡಿ ಜೀನಿಗೆ ತಾಗಿರಲಿ, ಹಿಡಿಯದಿರಲಿ. ಮಂಡಿಯಿಂದ ಬಿಗಿ ಹಿಡಿದರೆ ಅದು ಬಾಗಿಲಿನ ತಿರುಗಣಿಯಾಗುತ್ತದೆ. ತೂಕ ಅಲ್ಲೇ ನಿಂತು ಹಿಮ್ಮಡಿಗೆ ಇಳಿಯದು, ಕೆಳಗಿನ ಕಾಲು ಬಾಗಿಲಿನಂತೆ ತೂಗುತ್ತದೆ. ಮೀನಖಂಡದಿಂದ ಬಿಗಿದರೆ ಹಿಮ್ಮಡಿ ಮೇಲೇಳುತ್ತದೆ. ಕುದುರೆಯೂ ಅದನ್ನು ‘ಓಡು’ ಎಂದೇ ತಿಳಿಯುತ್ತದೆ. ಅದು ಓಡಿದಷ್ಟೂ ನೀವು ಬಿಗಿಯುತ್ತೀರಿ, ನೀವು ಬಿಗಿದಷ್ಟೂ ಅದು ಓಡುತ್ತದೆ.

ಅಭ್ಯಾಸ

ಎಲ್ಲಕ್ಕಿಂತ ಹೆಚ್ಚು ಕೊಡುವುದು ಅರೆನಿಂತ ಭಂಗಿ. ನಿಂತ ಕುದುರೆಯ ಮೇಲೆ ಕತ್ತಿನ ಕೂದಲು ಹಿಡಿದು, ಸೊಂಟದಲ್ಲಿ ಮಡಿದು, ಪೃಷ್ಠವನ್ನು ಜೀನಿನಿಂದ ಒಂದು ಹಿಡಿಯಷ್ಟೇ ಎತ್ತಿ. ಕಾಲು ಹಿಂದಿದ್ದರೆ ಕುದುರೆಯ ಕತ್ತಿನ ಮೇಲೆ ಮುಗ್ಗರಿಸುತ್ತೀರಿ, ಮುಂದಿದ್ದರೆ ಧಪ್ಪನೆ ಹಿಂದೆ ಕೂರುತ್ತೀರಿ. ಕಾಲು ಸರಿಯಾಗಿ ಮೈಯ ಕೆಳಗಿದ್ದರೆ ಕೈ ಬಿಟ್ಟರೂ ನಿಲ್ಲಬಹುದು. 20 ಎಣಿಸುವವರೆಗೆ ನಿಲ್ಲಲು ಬಂದ ಮೇಲೆ ನಡಿಗೆಯಲ್ಲಿ, ಆಮೇಲೆ ಟ್ರಾಟ್‌ನಲ್ಲಿ ಮಾಡಿ. ಲಗಾಮಿನಿಂದ ಮಾತ್ರ ತೂಗಿಕೊಳ್ಳಬೇಡಿ, ಕುದುರೆಯ ಬಾಯಿ ನೋಯುತ್ತದೆ.

ಮುಂದಿನದು ಟ್ರಾಟ್‌ನ ತಾಳ ಮುರಿಯುವುದು. ಟ್ರಾಟ್‌ನ ತಾಳಕ್ಕೆ ಸವಾರರು ಜೀನಿನಿಂದ ಎದ್ದು ಕೂರುತ್ತಾರೆ; ಎದ್ದು-ಕೂತು ಎನ್ನುವ ಬದಲು ಎದ್ದು-ಎದ್ದು-ಕೂತು ಮಾಡಿ. ಎರಡು ತಾಳ ಮೇಲೇ ನಿಲ್ಲಬೇಕಾದಾಗ ಮಂಡಿ ಹಿಡಿದು ಮೋಸ ಮಾಡಲಾಗದು. ತೂಕ ಹಿಮ್ಮಡಿಗೆ ಇಳಿಯಲೇಬೇಕು. ಐದಾರು ಸುತ್ತು ಸಾಕು.

ಸ್ಟಿರಪ್ ಇಲ್ಲದ ಸವಾರಿಯನ್ನು ಅನುಭವಿಗಳು ಉದ್ದ ಹಗ್ಗದಲ್ಲಿ ಸುತ್ತಿಸುವ ಶಾಂತ ಕುದುರೆಯ ಮೇಲಷ್ಟೇ ಮಾಡಿ. ಐದು ನಿಮಿಷದಿಂದ ಆರಂಭಿಸಿ. ದಣಿದ ಕಾಲು ಬಿಗಿ ಹಿಡಿಯಲು ಶುರು ಮಾಡುತ್ತದೆ. ಆಮೇಲೆ ಮುಂದುವರಿಸಿದರೆ ಹಳೆಯ ತಪ್ಪನ್ನೇ ಗಟ್ಟಿ ಮಾಡಿದಂತೆ.

ಕುದುರೆ ಇಲ್ಲದ ದಿನ, ಮೆಟ್ಟಿಲಿನ ಅಂಚಿಗೆ ಪಾದದ ಮುಂಭಾಗ ಊರಿ ಹಿಮ್ಮಡಿಗಳನ್ನು ನಿಧಾನವಾಗಿ ಕೆಳಗೆ ಬಿಡಿ: 30 ಸೆಕೆಂಡಿನಂತೆ ಮೂರು ಸಲ, ಕುಲುಕಾಡದೆ.

ಎರಡು ಮೂರು ವಾರದ ನಂತರ ಟ್ರಾಟ್‌ನ ವಿಡಿಯೊ ತೆಗೆಸಿ ನಿಧಾನಗತಿಯಲ್ಲಿ ನೋಡಿ. ಏಳುವ ಕ್ಷಣದಲ್ಲಿ ಕಾಲು ಮುಂದೆ ಹೋದರೆ ಸ್ಟಿರಪ್ ಒದ್ದು ಏಳುತ್ತಿದ್ದೀರಿ, ಹಿಂದೆ ಹೋದರೆ ಮಂಡಿ ಇನ್ನೂ ಬಿಗಿಯಿದೆ. ಕೂರುವಾಗ ಮಾತ್ರ ಅಲುಗಿದರೆ ಜೀನಿನ ಮೇಲೆ ಬೀಳುತ್ತಿದ್ದೀರಿ. ಮೆಲ್ಲಗೆ ಇಳಿಯಲು ಮತ್ತೆ ಅರೆನಿಂತ ಭಂಗಿಗೇ ಹೋಗಿ.