ಅಪೀಲಿನ ತೀರ್ಪಿಗೆ ರಿವ್ಯೂ ಕೇಳುವುದು ಯಾವಾಗ: ನನ್ನ ಅನುಭವ

ಸಿವಿಲ್ ಅಪೀಲು ಸೋತ ಕಕ್ಷಿದಾರರು ‘ರಿವ್ಯೂ ಹಾಕಿಬಿಡಿ’ ಎಂದಾಗ ಅವರ ಮನಸ್ಸಿನಲ್ಲಿರುವುದು ಸಾಮಾನ್ಯವಾಗಿ ಇನ್ನೊಂದು ಅಪೀಲು. ರಿವ್ಯೂ ಎಂದರೆ ತೀರ್ಪು ಕೊಟ್ಟ ನ್ಯಾಯಾಲಯವೇ ಅದನ್ನು ಮರುಪರಿಶೀಲಿಸುವುದು. ಅದೇ ವಾದವನ್ನು ಅದೇ ನ್ಯಾಯಾಲಯದ ಮುಂದೆ ಇನ್ನಷ್ಟು ಗಟ್ಟಿಯಾಗಿ ಮಂಡಿಸಿದರೆ ಫಲ ಬದಲಾದೀತೆಂಬ ಆಸೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 114ನೇ ಕಲಮಾಗಲಿ, 47ನೇ ಆದೇಶದ 1ನೇ ನಿಯಮವಾಗಲಿ ಎಡೆಕೊಡುವುದಿಲ್ಲ. ತಕ್ಕ ಶ್ರದ್ಧೆ ವಹಿಸಿದರೂ ಆಗ ಗೊತ್ತಾಗದಿದ್ದ ಅಥವಾ ಹಾಜರುಪಡಿಸಲಾಗದಿದ್ದ ಮಹತ್ವದ ಸಾಕ್ಷ್ಯ ಈಗ ಸಿಕ್ಕಿರಬೇಕು, ಇಲ್ಲವೇ ದಾಖಲೆಯ ಮೇಲೆಯೇ ಎದ್ದು ಕಾಣುವ ತಪ್ಪಿರಬೇಕು. ಮೂರನೆಯದಾದ ‘ಬೇರೆ ಸಾಕಷ್ಟು ಕಾರಣ’ವೂ ಈ ಎರಡರ ಜಾತಿಗೇ ಸೇರಿರಬೇಕೆಂದು, ಬ್ರಿಟಿಷರ ಕಾಲದಲ್ಲಿ ಕೊನೆಯ ಅಪೀಲು ಕೇಳುತ್ತಿದ್ದ ಪ್ರಿವಿ ಕೌನ್ಸಿಲ್ 1922ರಲ್ಲಿಯೇ ಛಜ್ಜು ರಾಮ್ ಪ್ರಕರಣದಲ್ಲಿ ಹೇಳಿದೆ. ಮನೆಯ ಕಪಾಟಿನಲ್ಲೇ ಇದ್ದ ಪತ್ರ ಸೋತ ಮೇಲೆ ಕೈಗೆ ಸಿಕ್ಕಿತೆಂದರೆ ಅದು ಹೊಸ ಸಾಕ್ಷ್ಯವಾಗುವುದಿಲ್ಲ. ಹಾಗಾಗಿ ರಿವ್ಯೂಗೆಂದು ಬರುವ ಕಡತಗಳಲ್ಲಿ ಹೆಚ್ಚಿನವನ್ನು ನಾನು ಬೇರೆ ದಾರಿಗೆ ಹಚ್ಚುತ್ತೇನೆ. ಹಾಗೆ ಮಾಡದೆ ರಿವ್ಯೂವನ್ನೇ ಹಾಕಿದ ಒಂದು ಪ್ರಕರಣವನ್ನು ಇಲ್ಲಿ ವಿವರಿಸುತ್ತೇನೆ.

ಅದು ಪಾಲುವಿಭಾಗದ ದಾವೆ. ದಾವೆಯ ಆಸ್ತಿಪಟ್ಟಿಯಾದ ಷೆಡ್ಯೂಲಿನಲ್ಲಿದ್ದ ಜಮೀನುಗಳ ಪೈಕಿ ಒಂದನ್ನು ಆ ಮನೆಯ ಸೊಸೆ, ಅಂದರೆ ಮೂರನೇ ಪ್ರತಿವಾದಿಯಾಗಿದ್ದ ನನ್ನ ಕಕ್ಷಿದಾರರು, ತವರಿನವರು ಕೊಟ್ಟ ಹಣದಿಂದ ತಮ್ಮ ಹೆಸರಿಗೆ ಕೊಂಡಿದ್ದರು. ನೋಂದಾಯಿತ ಕ್ರಯಪತ್ರ ಸಾಕ್ಷ್ಯದ ದಾಖಲೆಯಾಗಿ ನಿಶಾನೆ ಡಿ-4 ಎಂದು ಗುರುತಾಗಿತ್ತು, ವಾದಿಯ ಪಾಟಿಸವಾಲಿನಲ್ಲಿ ಅದರ ಬಗ್ಗೆ ಪ್ರಶ್ನೆಗಳೂ ನಡೆದಿದ್ದವು, ವಿಚಾರಣಾ ನ್ಯಾಯಾಲಯವು ಅದನ್ನು ಚರ್ಚಿಸಿಯೇ ಆ ಜಮೀನನ್ನು ಪಾಲಿನಿಂದ ಹೊರಗಿಟ್ಟಿತ್ತು. ಮೊದಲ ಅಪೀಲಿನಲ್ಲಿ ಅದು ತಿರುಗಿತು. ಮೂರನೇ ಪ್ರತಿವಾದಿಯು ಪಹಣಿಯನ್ನಷ್ಟೇ ಹಾಜರುಪಡಿಸಿದ್ದು ಕ್ರಯಪತ್ರವನ್ನು ಹಾಜರುಪಡಿಸಿಲ್ಲವೆಂಬ ಒಂದು ವಾಕ್ಯದ ಮೇಲೆ ಆ ಜಮೀನಿಗೆ ಸಂಬಂಧಿಸಿದ ಇಡೀ ನಿರ್ಣಯ ನಿಂತಿತ್ತು.

ಆ ತೀರ್ಪಿನಲ್ಲಿ ಆಕ್ಷೇಪಿಸಬಹುದಾದ ಸಂಗತಿಗಳು ಇನ್ನೂ ಇದ್ದವು. ಕುಟುಂಬಕ್ಕೆ ಜಮೀನು ಕೊಳ್ಳುವಷ್ಟು ಆದಾಯವಿತ್ತೇ, ಅದನ್ನು ಸಾಬೀತುಪಡಿಸುವ ಹೊಣೆ ಯಾರದು ಎಂಬ ವಿಷಯಗಳಲ್ಲಿ ನ್ಯಾಯಾಲಯದ ನಿಲುವು ಸರಿಯಲ್ಲವೆಂದೇ ನನ್ನ ಅಭಿಪ್ರಾಯವಾಗಿತ್ತು. ಆದರೂ ಅವನ್ನು ಬೇಕೆಂದೇ ರಿವ್ಯೂ ಅರ್ಜಿಯಿಂದ ಹೊರಗಿಟ್ಟೆ. ತರ್ಕ ಹೂಡಿ ಹುಡುಕಿ ತೋರಿಸಬೇಕಾದ ತಪ್ಪು ಎದ್ದು ಕಾಣುವ ತಪ್ಪಲ್ಲವೆಂದು ಸುಪ್ರೀಂ ಕೋರ್ಟು 1997ರ ಪಾರ್ಸಿಯನ್ ದೇವಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಅಂಥ ಆಧಾರ ಒಂದನ್ನು ಸೇರಿಸಿದರೂ ಇದು ವೇಷ ಮರೆಸಿಕೊಂಡ ಅಪೀಲೆಂದು ಹೇಳಲು ಎದುರು ಪಕ್ಷಕ್ಕೆ ನಾವೇ ಅವಕಾಶ ಕೊಟ್ಟಂತಾಗುತ್ತದೆ. ಅರ್ಜಿಯಲ್ಲಿ ನಾನು ಹೇಳಿದ್ದು ಇಷ್ಟೇ: ಅಪೀಲಿನ ತೀರ್ಪಿನ ಇಂಥ ಕಂಡಿಕೆ ಹೀಗೆನ್ನುತ್ತದೆ, ಕೆಳ ನ್ಯಾಯಾಲಯದ ತೀರ್ಪಿಗೆ ಲಗತ್ತಾದ ನಿಶಾನೆಗಳ ಪಟ್ಟಿಯಲ್ಲಿ ಡಿ-4 ಹೀಗಿದೆ, ಈ ವಾಕ್ಯವನ್ನು ತೆಗೆದರೆ ಆ ಜಮೀನಿನ ಬಗೆಗಿನ ನಿರ್ಣಯಕ್ಕೆ ಬೇರೆ ಆಧಾರ ಉಳಿಯುವುದಿಲ್ಲ. ಕೊನೆಯ ಮಾತನ್ನು ಬಿಡಬಾರದು, ಏಕೆಂದರೆ ಫಲವನ್ನು ಮುಟ್ಟದ ತಪ್ಪಿಗಾಗಿ ಯಾವ ನ್ಯಾಯಾಲಯವೂ ಮುಗಿದ ಕಡತವನ್ನು ಮತ್ತೆ ತೆರೆಯುವುದಿಲ್ಲ. ಸರ್ವೆ ನಂಬರಿನ ಒಂದು ಅಂಕಿ ತಪ್ಪಾಗಿ ಬೆರಳಚ್ಚಾಗಿದ್ದರಂತೂ ರಿವ್ಯೂವೇ ಬೇಡ, ಬರಹದ ತಪ್ಪು ತಿದ್ದಲು ಇರುವ 152ನೇ ಕಲಮಿನ ಅರ್ಜಿ ಸಾಕು.

ನಿಜವಾದ ಲೆಕ್ಕಾಚಾರವಿರುವುದು ಅವಧಿಯಲ್ಲಿ. ರಿವ್ಯೂಗೆ ಕಾಲಮಿತಿ ಕಾಯ್ದೆಯ 124ನೇ ಅನುಚ್ಛೇದ 30 ದಿನಗಳನ್ನು ಕೊಟ್ಟರೆ, ಹೈಕೋರ್ಟಿಗೆ ಎರಡನೇ ಅಪೀಲು ಸಲ್ಲಿಸಲು 90 ದಿನಗಳಿರುತ್ತವೆ; ದೃಢೀಕೃತ ನಕಲು ಪಡೆಯಲು ಹಿಡಿದ ಸಮಯವನ್ನು ಎರಡರಲ್ಲೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಪೀಲಿಗೆ ಅವಕಾಶವಿರುವ ತೀರ್ಪಾದರೆ, ಅದನ್ನು ಇನ್ನೂ ಸಲ್ಲಿಸದೆ ಇರುವವರು ಮಾತ್ರ ರಿವ್ಯೂ ಕೇಳಬಹುದು. ಹೀಗಾಗಿ ಎರಡನೇ ಅಪೀಲನ್ನು ಮೊದಲು ಹಾಕಿದರೆ ರಿವ್ಯೂ ಬಾಗಿಲು ಮುಚ್ಚಿತು. ರಿವ್ಯೂ ಮೊದಲು ಸಲ್ಲಿಕೆಯಾಗಿದ್ದರೆ, ಆಮೇಲೆ ಅಪೀಲು ಹಾಕಿದರೂ ಅದು ತೀರ್ಮಾನವಾಗುವವರೆಗೆ ರಿವ್ಯೂ ಕೇಳುವ ಅಧಿಕಾರ ಉಳಿಯುತ್ತದೆಂದು ತುಂಗಭದ್ರಾ ಇಂಡಸ್ಟ್ರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಾನು ಅದೇ ಕ್ರಮವನ್ನು ಹಿಡಿದೆ: ಮೊದಲು ರಿವ್ಯೂ ಸಲ್ಲಿಸಿ, 90 ದಿನಗಳು ಮುಗಿಯುವ ಮುನ್ನ ಎರಡನೇ ಅಪೀಲನ್ನೂ ಸಲ್ಲಿಸಿ, ಒಂದರ ವಿಷಯವನ್ನು ಇನ್ನೊಂದರ ಪ್ರಮಾಣಪತ್ರದಲ್ಲಿ ತಿಳಿಸಿದೆ. ರಿವ್ಯೂ ತಿರಸ್ಕೃತವಾದರೆ ಆ ಆದೇಶದ ಮೇಲೆ ಅಪೀಲಿಲ್ಲವೆಂದು 47ನೇ ಆದೇಶದ 7ನೇ ನಿಯಮ ಹೇಳುವುದರಿಂದ, ಮೂಲ ತೀರ್ಪಿನ ವಿರುದ್ಧದ ಹಾದಿಯನ್ನು ಕಳೆದುಕೊಳ್ಳುವುದು ಕಕ್ಷಿದಾರರಿಗೆ ದುಬಾರಿಯಾಗುತ್ತಿತ್ತು.

ತೀರ್ಪು ಬರೆದವರು ಅದೇ ನ್ಯಾಯಾಲಯದಲ್ಲಿದ್ದರೆ ರಿವ್ಯೂವನ್ನು ಅವರೇ ಕೇಳಬೇಕು, ಇಲ್ಲಿಯೂ ಹಾಗೆಯೇ ಆಯಿತು. ಅಪೀಲಿನಲ್ಲಿ ವಾದಿಸಿದವನೂ ನಾನೇ ಆಗಿದ್ದುದು ಅನುಕೂಲವಾಯಿತು. ರಿವ್ಯೂಗಾಗಿ ವಕೀಲರನ್ನು ಬದಲಿಸುವ ಪದ್ಧತಿಯನ್ನು ಸುಪ್ರೀಂ ಕೋರ್ಟು 1997ರಲ್ಲಿ ರಾಜು ರೆಡ್ಡಿಯಾರ್ ಪ್ರಕರಣದಲ್ಲಿ ಖಂಡಿಸಿದೆ, ಅದು ಸರಿಯೂ ಹೌದು. ಒಂದು ದಾಖಲೆಯನ್ನು ಚರ್ಚಿಸಿಲ್ಲವೆಂಬುದು ರಿವ್ಯೂಗೆ ಕಾರಣವಾಗದೆಂದು ಎದುರು ವಕೀಲರು ವಾದಿಸಿದರು. ಚರ್ಚಿಸದೆ ಬಿಡುವುದು ಬೇರೆ, ಕಡತದಲ್ಲಿರುವುದನ್ನು ಇಲ್ಲವೆಂದು ಬರೆಯುವುದು ಬೇರೆ ಎಂದು ಉತ್ತರಿಸಿ, ಆ ಕಂಡಿಕೆಯ ಹಾಳೆಯನ್ನೂ ನಿಶಾನೆಗಳ ಪಟ್ಟಿಯ ಹಾಳೆಯನ್ನೂ ಒಟ್ಟಿಗೆ ಮುಂದಿಟ್ಟೆ. ಕ್ರಯಪತ್ರ ಇದ್ದರೂ ಜಮೀನು ಕುಟುಂಬದ್ದೇ ಆಗಿರಬಹುದಲ್ಲವೇ ಎಂದು ನ್ಯಾಯಾಧೀಶರು ಕೇಳಿದರು. ಆಗ ಹಣದ ಮೂಲದ ಬಗ್ಗೆ ವಾದಕ್ಕಿಳಿಯುವ ಆಸೆ ಯಾರಿಗಾದರೂ ಆಗುತ್ತದೆ. ಅದು ಮರುವಿಚಾರಣೆಯಲ್ಲಿ ತೀರ್ಮಾನವಾಗಬೇಕಾದ ಪ್ರಶ್ನೆ, ಸದ್ಯಕ್ಕೆ ಆ ಒಂದು ವಾಕ್ಯ ಉಳಿಯಲಾರದು ಎಂದಷ್ಟೇ ಹೇಳಿ ಕುಳಿತೆ. ಅರ್ಜಿ ಆ ಜಮೀನಿನ ಮಟ್ಟಿಗೆ ಪುರಸ್ಕೃತವಾಯಿತು, ಮರುವಿಚಾರಣೆಯ ಬಳಿಕ ಜಮೀನು ಪಾಲಿನಿಂದ ಹೊರಗುಳಿಯಿತು, ಎರಡನೇ ಅಪೀಲನ್ನು ಹಿಂಪಡೆದೆವು.

ಇದಕ್ಕಿಂತ ಹೆಚ್ಚು ಬಾರಿ ನಾನು ರಿವ್ಯೂ ಬೇಡವೆಂದದ್ದು ಹೆಣ್ಣುಮಕ್ಕಳ ಪಾಲಿನ ಪ್ರಕರಣಗಳಲ್ಲಿ. ಬೆಳಗಾವಿಯಲ್ಲಿ ಹೂಡಿದ್ದ ದಾವೆಯಿಂದ ಮೇಲೆ ಹೋದ ಪ್ರಕಾಶ್ ವಿರುದ್ಧ ಫುಲವತಿ ಪ್ರಕರಣದಲ್ಲಿ, ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆಯೂ ಬದುಕಿದ್ದರೆ ಮಾತ್ರ ಮಗಳಿಗೆ ಸಮಪಾಲೆಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿತ್ತು. 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು ಅದನ್ನು ತಳ್ಳಿಹಾಕಿತು. ನಡುವಿನ ವರ್ಷಗಳಲ್ಲಿ ಅಪೀಲಿನಲ್ಲಿ ಪಾಲು ಕಡಿಮೆಯಾದವರು ರಿವ್ಯೂ ಕೇಳಿಕೊಂಡು ಬಂದರು. ಆದರೆ ತೀರ್ಪಿಗೆ ಆಧಾರವಾದ ಕಾನೂನನ್ನು ಮೇಲಿನ ನ್ಯಾಯಾಲಯ ಆಮೇಲೆ ಬದಲಿಸಿದ್ದು ರಿವ್ಯೂಗೆ ಕಾರಣವಲ್ಲವೆಂದು 47ನೇ ಆದೇಶದ 1ನೇ ನಿಯಮಕ್ಕೆ 1976ರ ತಿದ್ದುಪಡಿಯಿಂದ ಬಂದ ವಿವರಣೆ ನೇರವಾಗಿಯೇ ಹೇಳುತ್ತದೆ. ಅವರಿಗೆ ಕೈಗೆಟುಕುವ ದಾರಿ, ಯಾರಿಗೆ ಎಷ್ಟು ಪಾಲೆಂದು ಹೇಳುವ ಪ್ರಾಥಮಿಕ ಡಿಕ್ರಿಯ ನಂತರ ಆಸ್ತಿಯನ್ನು ನಿಜವಾಗಿ ಹಂಚುವ ಅಂತಿಮ ಡಿಕ್ರಿಯ ಪ್ರಕ್ರಿಯೆಯಲ್ಲಿದೆ: ಅದು ಇನ್ನೂ ಬಾಕಿಯಿದ್ದರೆ ಪ್ರಾಥಮಿಕ ಡಿಕ್ರಿಯ ಪಾಲನ್ನು ಬದಲಿಸಿ ಬರೆಯಬಹುದೆಂದು 2011ರ ಗಂಡೂರಿ ಕೋಟೇಶ್ವರಮ್ಮ ಪ್ರಕರಣ ಒಪ್ಪಿದೆ, ವಿನೀತಾ ಶರ್ಮಾ ತೀರ್ಪೂ ಅದನ್ನೇ ಹೇಳುತ್ತದೆ. ಅಂತಿಮ ಡಿಕ್ರಿಯೂ ಆಗಿಹೋಗಿದ್ದರೆ, ಎಷ್ಟೇ ಒತ್ತಾಯಿಸಿದರೂ ರಿವ್ಯೂ ಅರ್ಜಿಗೆಂದು ನಾನು ವಕಾಲತ್ತು ತೆಗೆದುಕೊಳ್ಳುವುದಿಲ್ಲ.